ಅರ್ಧ ಕತೆಗೆ ಒಂದು ಕವರು

ಬಂಡಹಟ್ಟಿ, ಪೆನ್ನಾಗರಂ ದಾರಿ
9-1-2024

ಬುವನಾ,

ನಿಮ್ಮ ಚಿಕ್ಕಪ್ಪ ಸಿದ್ದಪ್ಪ ನಿನ್ನೆ ಬೆಳಿಗ್ಗೆ ತೀರೋದ. ಕುರಿ ಬಿಡಕ್ಕೆ ಓದೋನು ಬಂಡೆಗೆ ಒರಗಿದ್ದಂಗೇ ಓಗ್ಬುಟ್ಟ. ನೀನು ಬರೋಗಂಟ ಮಣ್ಣು ಮಾಡಕ್ಕೆ ಬಿಡಲ್ಲ ಅಂತ ನಿಮ್ಮವ್ವ ರಾಮಕ್ಕ ಅಡ್ಡ ಕುಂತವ್ಳೆ. ಬಿರ್‍ನೆ ಬಾ.

ಸುಳ್ಳು ಕಣವ್ವ. ಸತ್ತೋನೇ ಕುಂತ್ಕಂಡು ಬರೀತಾವ್ನೆ, ಬಾಯಲ್ಲಿ ಎಲೆಅಡಿಕೆ ಬೇರೆ ಐತೆ. ಬೈಯಂಗಿದ್ರೆ ಬೈಯಿ. ಬೈಯಕ್ಕಾದ್ರೂ ಒಂದು ಕಾಗ್ದ ಬರೀತೀಯಲ್ಲ. ಪೋನು ಆಫ್ ಮಾಡ್ಕಂಡು ಸೇಲಂನಲ್ಲಿ ಬಾಗ್ಲಾಕ್ಕಂಡು ಕುಂತ್ರೆ ನಾವೇನು ಮಾಡಾನ?

ನಿನ್ನ ತಮ್ಮ ಬಾಲಾಜಿ ಆಡ್ಕಂತಾನೆ, ಈ ಕಾಲದಲ್ಲಿ ಕಾಗ್ದ ಯಾಕೆ, ಅದೂ ಕನ್ನಡದಲ್ಲಿ ಅಂತ. ಅವ್ನಿಗೇನು ಗೊತ್ತು. ಈ ಅಟ್ಟಿಲಿ ನಾಯಿ ಕೂಡ ಕನ್ನಡದಲ್ಲೇ ಬೊಗಳ್ತದೆ, ಆದ್ರೆ ಓದಕ್ಕೆ ಬರೋದು ನಿಂಗೆ ನಂಗೆ ಇಬ್ರಿಗೇ. ಕೊಳ್ಳೇಗಾಲದ ಸಂತೆಗೆ ಕುರಿ ಒಡ್ಕಂಡೋದಾಗ ಅಂಗಡಿ ಬೋರ್ಡು ನೋಡ್ನೋಡಿ ನಾನು ಕಲ್ತೆ. ಇದ್ದಲಲ್ಲಿ ಬಂಡೆ ಮೇಲೆ ಬರ್ದು ನಿಂಗೆ ಕಲಿಸ್ದೆ. ಇದು ಯಾರ ಕೈಗೆ ಸಿಕ್ರೂ ಕೋಳಿ ಕೆರ್‍ದಂಗೆ ಕಾಣ್ತದೆ. ಅದ್ಕೇ ಧೈರ್ಯವಾಗಿ ಕೇಳ್ತೀನಿ. ಸೇಲಂ ಮೀಟಿಂಗಲ್ಲಿ ಏನಾಯ್ತು? ಬುಕ್ಕು ಬರ್ದೋಳು ಬಿಕ್ಕಳುಸ್ತಾ ಕುಂತವ್ಳೆ ಅಂತ ಮಾತ್ರ ಬಾಲಾಜಿ ಅಂದ.

ಇನ್ನೊಂದು. ಅಣ್ಣಾಮಲೈ ಅಂತ ಒಬ್ಬ, ಧರ್ಮಪುರಿ ಕಡೆ ಬುಕ್ಕಿನ ಮೀಟಿಂಗ್ ಮಾಡ್ಸೋನು, ನಿಮ್ಮವ್ವನ ಪೋನಿಗೆ ಮಾಡಿದ್ದ. "ರೈಟರ್ ಮೇಡಂ ಇರುಕಾಂಗಳಾ?" ಅಂದ. "ಇರುಕಾಂಗ, ಆನಾ ಇಲ್ಲೆ" ಅಂದೆ. ಮೇಡಂ ಅವ್ರೆ, ಆದ್ರೆ ಇಲ್ಲ ಅಂತ. ಅರ್ಧ ಗಂಟೆ ಮಾತಾಡುದ್ರೆ ಎಗಲಿಗೊಂದು ಶಾಲು, ಕೈಗೊಂದು ಕಾಸಿನ ಕವರು, ಪಕ್ಕದಲ್ಲೇ ನಿನ್ನ ಬುಕ್ಕು ಮಾರಕ್ಕೊಂದು ಟೇಬಲ್ಲು ಅಂತೆ. ಏನು ಏಳ್ಲಿ?

ಇಂತಿ, ಇನ್ನೂ ಉಸುರಾಡ್ತಿರೋ
ಸಿದ್ದಪ್ಪ


ಸೇಲಂ
18-1-2024

ಚಿಕ್ಕಪ್ಪ,

ನಿನ್ನ ಕಾಗ್ದ ಮೆಟ್ಲು ಮೇಲೆ ನಿಂತ್ಕಂಡು ಒಡ್ದೆ. ಮೊದಲ ಸಾಲು ಓದಿ ಅಲ್ಲೇ ಕುಸುದ್ಬಿಟ್ಟೆ. ಕೆಳಗಿನ ಮನೆ ಪೂಂಗೊಡಿ ಅಕ್ಕ ಓಡ್ಬಂದು ನೀರು ಕುಡಿಸುದ್ಲು. ಆಮೇಲೆ ಮಿಕ್ಕಿದ್ದು ಓದ್ದೆ. ಅವಳಿಗೆ ಏನಂತ ಏಳ್ಲಿ? ಸತ್ತೋರು ಎದ್ದು ಎಲೆಅಡಿಕೆ ಆಕ್ಕಂತಾವ್ರೆ ಅಂತ್ಲಾ? ಇನ್ನೊಂದ್ಸಲ ಇಂಗೆ ಮಾಡ್ಬೇಡ. ನಂಗೆ ಅಷ್ಟು ಶಕ್ತಿ ಇಲ್ಲ.

ಕೇಳ್ದೆಯಲ್ಲ, ಏಳ್ತೀನಿ. ಒಂದು ಕಲ್ಯಾಣ ಮಂಟಪದಲ್ಲಿ ಮೀಟಿಂಗು. ತಮಿಳಲ್ಲಿ ಬರ್ಕಂಡು, ಬಾಯಿಪಾಠ ಮಾಡ್ಕಂಡು ಓಗಿದ್ದೆ. ಮೈಕ್ ಮುಂದೆ ನಿಂತು ಜನನ ನೋಡ್ದೆ. ಕಣ್ಣು ಮುಚ್ಕಂಡು ಶುರು ಮಾಡ್ದೆ. ಮಾತು ತಾನಾಗೇ ಬತ್ತಿತ್ತು. ಪರವಾಗಿಲ್ಲ, ಚೆನ್ನಾಗೇ ಓಗ್ತೈತೆ ಅನ್ಕಂಡೆ. ಕಣ್ಣು ಬಿಟ್ರೆ ಮುಂದಿನ ಸಾಲಲ್ಲಿ ಒಬ್ರ ಮಖ ಒಬ್ರು ನೋಡ್ಕಂತಾವ್ರೆ. ಒಬ್ಬಮ್ಮ ಬಾಯಿಗೆ ಸೆರಗು ಇಟ್ಕಂಡು ನಗ್ತಾವ್ಳೆ. ಅಷ್ಟೊತ್ತೂ ನಾನು ಕನ್ನಡದಲ್ಲಿ ಮಾತಾಡ್ತಿದ್ದೆ ಚಿಕ್ಕಪ್ಪ. ನಂಗೇ ಗೊತ್ತಾಗಿಲ್ಲ.

ಮೈಕ್ ಇಸ್ಕಂಡೋನು, ಮೇಡಂ ಕರ್ನಾಟಕದಿಂದ ಬಂದವ್ರೆ, ತಮಿಳು ಇನ್ನೂ ಕಲೀತಾವ್ರೆ, ಒಂದು ಚಪ್ಪಾಳೆ ಕೊಡಿ ಅಂದ. ನಾನು ಪೆನ್ನಾಗರಂನೋಳು ಅನ್ನಕ್ಕೂ ಬಾಯಿ ಬರ್ಲಿಲ್ಲ. ಓದಿದ್ದು, ಬರ್ದಿದ್ದು, ಜಗಳ ಆಡಿದ್ದು ಎಲ್ಲ ತಮಿಳಲ್ಲೇ. ಹೆದರಿಕೆ ಮಾತ್ರ ಕನ್ನಡದಲ್ಲಿ ಬಂತು.

ಬುಕ್ಕು ಬಂದ್ರೆ ಬದುಕ್ಬೋದು ಅಂತ ಸ್ಕೂಲು ಕೆಲಸ ಬಿಟ್ಟೋಳು ನಾನು. ಪಬ್ಲಿಷರು ಕಾಸಿಗೆ ಬದಲು ಬುಕ್ಕೇ ಕಟ್ಟಿ ಕೊಟ್ರು, ಮಂಚದ ಕೆಳಗೆ ಅವೆ. ಬುಕ್ಕು ವಿಸಿಟಿಂಗ್ ಕಾರ್ಡು ಇದ್ದಂಗಮ್ಮ, ಅನ್ನ ಮೇಡೆ ಮೇಲೈತೆ, ಸ್ಟೇಜ್ ಮೇಲೆ, ಮಾತಾಡಕ್ಕೆ ಕಲ್ತ್ಕೋ ಅಂದ್ರು. ಕಾಲೇಜು, ಅಬ್ಬದ ಕಮಿಟಿ, ಪೊಂಗಲ್ ಮೀಟಿಂಗು, ಎಲ್ಲಾ ಕಡೆ ರೈಟರ್‌ಗೆ ಕಾಸು ಕೊಡ್ತಾರೆ. ಮಾತಾಡೋ ರೈಟರ್‌ಗೆ. ಆ ಅಣ್ಣಾಮಲೈಗೆ ನಾನು ಬರಲ್ಲ ಅಂತ ಏಳ್ಬಿಡು.

ಭುವನಾ


ಬಂಡಹಟ್ಟಿ
25-1-2024

ಬುವನಾ,

ಇಷ್ಟೇನಾ? ನೀನು ಯಾರುನ್ನಾದ್ರೂ ಕೊಂದ್ಗಿಂದ್ಯಾ ಅನ್ಕಂಡಿದ್ದೆ.

ತಮಿಳಲ್ಲಿ ಪೇಚು ಅಂದ್ರೆ ಮಾತು. ನಮ್ಮ ಬಾಯಲ್ಲಿ ಪೇಚಾಟ ಅಂದ್ರೆ ಪಾಡು. ಎರಡನ್ನೂ ಒಟ್ಟಿಗೆ ಪಟ್ಟೋಳು ನೀನೊಬ್ಳೇ. ನಗು ಬರ್ಲಿಲ್ವಾ? ಬ್ಯಾಡ ಬುಡು.

ನಿನ್ನ ಕಾಗ್ದನ ನಿಮ್ಮವ್ವಂಗೆ ಓದಿ ಏಳ್ದೆ. ಒಲೆ ಮುಂದೆ ಕುಂತಿದ್ಲು. "ಅವ್ಳು ಚಿಕ್ಕೋಳಿದ್ದಾಗ ಜ್ವರ ಬಂದ್ರೂ ಇಂಗೇ, ಸ್ಕೂಲಲ್ಲಿ ಟೀಚರ್ ತಾವ ಕನ್ನಡದಲ್ಲಿ ಅಳ್ತಿದ್ಲು" ಅಂದ್ಲು. ಆಮೇಲೆ ಬೆಂಕಿ ಊದಕ್ಕೆ ಶುರು ಮಾಡುದ್ಲು. ಒಲೆ ಉರೀತಾನೇ ಇತ್ತು, ಊದೋ ಅವಶ್ಯಕತೆ ಇರ್ಲಿಲ್ಲ.

ನೋಡು, ನಂಗೊಂದು ಯೋಚ್ನೆ ಬಂದೈತೆ. ನೀನು ಬರೀಬಲ್ಲೆ, ಮಾತಾಡಕ್ಕಾಗಲ್ಲ. ನಾನು ಮಾತಾಡ್ಬಲ್ಲೆ, ಕತೆ ಬರ್ಯಕ್ಕಾಗಲ್ಲ. ಇಬ್ರುನೂ ಸೇರ್ಸುದ್ರೆ ಒಬ್ಬ ಪೂರ್ತಿ ರೈಟರ್ ಆಗ್ತಾನೆ. ಧರ್ಮಪುರಿಗೆ ನಾನೋಗ್ತೀನಿ. ಬರ್ದೋಳು ನನ್ನ ಅಣ್ಣನ ಮಗ್ಳು, ಅವ್ಳಿಗೆ ಮೈ ಸರಿಯಿಲ್ಲ ಅಂತ ಏಳಿ, ನಿನ್ನ ಬುಕ್ಕಿನ ಒಂದು ಕತೆ ಏಳ್ಬುಟ್ಟು ಬತ್ತೀನಿ. ಮೇಡೆಗೆ ನಾನು ಎದ್ರಲ್ಲ. ಭಾಷಣಕ್ಕೂ ಬಾಚಣಿಗೆಗೂ ಎದ್ರೋದು ತಲೇಲಿ ಏನಾರ ಇರೋರು. ನನ್ನ ತಲೆ ಒಳ್ಗೂ ಬೋಳು, ಒರ್ಗೂ ಬೋಳು.

ಬರೋ ಕವರಲ್ಲಿ ಅರ್ಧ ನಿಂದು.

ಇಂತಿ, ಬಾಯಿ ಬಾಡಿಗೆಗೆ ಕೊಡೋ
ಸಿದ್ದಪ್ಪ


ಸೇಲಂ
2-2-2024

ಚಿಕ್ಕಪ್ಪ,

ಓಗು. ನಂಗೆ ಯಾವ್ದಾದ್ರೂ ಒಂದೇ. ಮನೆ ಬಾಡಿಗೆಗೆ ಆಗ್ತದೆ.

ನನ್ನ ಹೆಸ್ರು ಏಳು. ಬುಕ್ಕಲ್ಲಿರೋ ನಮ್ಮನೆ ಟಗರಿನ ಕತೆ ಏಳಂಗಿದ್ರೆ ಪೂರ್ತಿ ಏಳು. ಕೊನೆ ಏಳಕ್ಕಾಗದಿದ್ರೆ ಅದನ್ನ ಮುಟ್ಲೇಬೇಡ.

ಭುವನಾ


ಬಂಡಹಟ್ಟಿ
11-3-2024

ಬುವನಾ,

ಬಾಲಾಜಿ ನಿಂಗೆ ಕಾಸು ಕಳ್ಸಿದ್ನಲ್ಲ, ಬಂತಾ? ಕತೆ ಕೇಳು ಈಗ.

ಮೇಡೆ ಅತ್ತುದ್ರೆ ಎದುರುಗಡೆ ಎಲ್ಲ ಪ್ಯಾಂಟು ಷರ್ಟು, ಕನ್ನಡಕ. ನಾನು ಕಂಬಳಿ ಎಗಲ ಮೇಲೆ ಆಕ್ಕಂಡು ನಿಂತೆ. ಟಗರಿನ ಕತೆನೇ ತೆಗ್ದೆ, ರೇಷನ್ ಅಂಗಡೀದು. ಅವತ್ತು ಅಕ್ಕಿ ಬತ್ತದೆ ಅಂತ ಊರೇ ಸಾಲು ನಿಂತೈತೆ, ಜಾಗ ಬುಟ್ರೆ ಓಯ್ತು. ಎಲ್ರೂ ತಮ್ಮ ಜಾಗದಲ್ಲಿ ಚೀಲ ಇಟ್ಟು, ಕಲ್ಲಿಟ್ಟು ಓಗ್ತಾರೆ, ಕಲ್ಲು ಎತ್ತಾಕಿ ಇನ್ನೊಬ್ರು ನುಗ್ತಾರೆ. ನಮ್ಮತ್ತಿಗೆ, ಅದೇ ನಿಮ್ಮವ್ವ, ಬುದ್ಧಿವಂತೆ. ಟಗರು ತಂದು ತನ್ನ ಜಾಗದಲ್ಲಿ ಗೂಟ ಒಡ್ದು ಕಟ್ಟಿ ಮನೆಗೋದ್ಲು. ಯಾರ್ ನುಗ್ಗಕ್ಕೋದ್ರೂ ಗುದ್ದು. ಊರು ಕಾಯೋ ತಲೆಯಾರಿಗೂ ಗುದ್ದು. ಅಂಗಡಿಯೋನು ಬಂದು ಟಗರಿನ ತಾವ ಕಾರ್ಡು ಕೇಳ್ದಂಗೆ ಮಾಡಿ ತೋರುಸ್ದೆ ನೋಡು, ಕನ್ನಡಕದೋರೆಲ್ಲ ಕನ್ನಡಕ ತೆಗ್ದು ಕಣ್ಣು ಒರುಸ್ಕಂಡ್ರು. ನಗು ಅಂದ್ರೆ ಅಂತಾ ನಗು. ಟೇಬಲ್ ಮೇಲಿದ್ದ ನಿನ್ನ ಬುಕ್ಕೆಲ್ಲ ಖಾಲಿ.

ಕೊನೆ ಏಳಕ್ಕೋದೆ. ಟೈಮಾಯ್ತು ಅಂತ ಬೆಲ್ಲು ಒಡುದ್ರು. ಏನು ಮಾಡ್ಲಿ, ಅಲ್ಲಿಗೇ ನಿಲ್ಲುಸ್ದೆ.

ಆಮೇಲೆ ನಲ್ಲಂಪಳ್ಳಿಲಿ ಕರುದ್ರು. ಮಾರಂಡಹಳ್ಳಿಲೂ ಕರುದ್ರು. ಎಲ್ಲಾ ಕಡೆ ಟಗರಿನ ಕತೆನೇ ಕೇಳ್ತಾರೆ. ನಲ್ಲಂಪಳ್ಳಿಯೋರು ಮಾತ್ರ ಸಾಲ ಕೇಳ್ದೋನ್ಗೆ ಶಾಲು ಒದ್ಸಿ ಕಳ್ಸಿದಂಗೆ ಕಳ್ಸಿದ್ರು, ಕವರಿಲ್ಲ. ಕವರು ಕೊಡೋವಾಗ ಮುಟ್ಟಿ ನೋಡುದ್ರೆ ಸಾಕು, ಒಳಗೆ ಯಾವ ನೋಟು ಅಂತ ಈಗ ಕೈಗೇ ಗೊತ್ತಾಗ್ತದೆ. ಕುರಿ ಬೆನ್ನು ಮುಟ್ಟಿ ತೂಕ ಏಳ್ತಿದ್ದ ಕೈ ಅಲ್ವಾ.

ಒಂದೇ ಒಂದು, ನೀನು ಬೇಜಾರು ಮಾಡ್ಕಬ್ಯಾಡ. ಮೈಕಿನೋನು ನನ್ನ ಎಳುತ್ತಾಳರ್ ಅಂತ ಕರುದ್ಬುಟ್ಟ. ಬರ್ದೋನು ಅಂತ. ತಿದ್ದಾನ ಅನ್ಕಂಡೆ. ಅಷ್ಟೊತ್ಗೆ ಚಪ್ಪಾಳೆ ಬಿದ್ದೋಯ್ತು.

ಇಂತಿ, ಶಾಲುಗಾರ
ಸಿದ್ದಪ್ಪ


ಸೇಲಂ
3-4-2024

ಚಿಕ್ಕಪ್ಪ,

ಬೆಲ್ಲು ಒಡುದ್ರು ಅಂದೆ. ನಿನ್ನ ವೀಡಿಯೋ ಪೂಂಗೊಡಿ ಅಕ್ಕನ ಪೋನಿಗೇ ಬಂತು. ಯಾರೋ ಕಳ್ಸವ್ರೆ, ಅವಳು ನಕ್ಕು ನಕ್ಕು ನಂಗೆ ತೋರುಸುದ್ಲು. ಬೆಲ್ಲು ಒಡ್ದಿಲ್ಲ. ಟಗರು ನಿಂತೈತೆ ಅಂದು ನೀನೇ ಕೈ ಮುಗುದು ಇಳಿದೆ. ಮೂರು ಊರಿನ ವೀಡಿಯೋದಲ್ಲೂ ಅಲ್ಲೇ ಇಳಿದೆ.

ನೀನು ಎಲ್ಲಿ ನಿಲ್ಲುಸ್ತೀಯೋ ಅಲ್ಲಿಂದ ಮುಂದೆ ನಮ್ಮಪ್ಪ ಅವ್ನೆ. ಅಮ್ಮ ಟಗರು ಕಟ್ಟಿ ಮನೆಗೋಗಿದ್ದು ಬುದ್ಧಿವಂತಿಕೆ ತೋರ್ಸಕ್ಕಲ್ಲ. ಮನೇಲಿ ಅಪ್ಪ ಜ್ವರದಲ್ಲಿ ಮಲಗಿದ್ದ, ಗಂಜಿ ಕುಡ್ಸಕ್ಕೆ ಓದ್ಲು. ಅವಳು ಒಳಗೆ ಓಗೋವಷ್ಟೊತ್ಗೆ ಮುಗ್ದೋಗಿತ್ತು. ಅವತ್ತು ಟಗರನ್ನ ಬಿಚ್ಕಂಬರ್ಬೇಕು ಅಂತ ಯಾರಿಗೂ ಗ್ಯಾನ ಇರ್ಲಿಲ್ಲ. ಅಂಗಡಿ ಮುಚ್ಚಿ, ಸಾಲು ಕರಗಿ, ಬಯಲಲ್ಲಿ ಅದೊಂದೇ ಅಮ್ಮನ ಜಾಗ ಕಾಯ್ಕಂಡು ನಿಂತಿತ್ತು. ಅಪ್ಪನ್ನ ಒತ್ಕಂಡು ಅದರ ಮುಂದೇನೇ ಓದ್ರು. ತಿಥಿ ಊಟಕ್ಕೆ ಆ ಟಗರನ್ನೇ ಕೊಯ್ಸಿದ್ದು ನೀನು. ಇಷ್ಟೂ ಬುಕ್ಕಲ್ಲಿ ಐತೆ. ನಗ್ತಾ ನಗ್ತಾ ಕೊಂಡ್ಕಂಡೋರಲ್ಲಿ ಒಬ್ರಾದ್ರೂ ಓದಿ ನಂಗೆ ಒಂದು ಮಾತು ಬರೀತಾರೆ ಅಂತ ಕಾದೆ. ಯಾರೂ ಬರ್ದಿಲ್ಲ.

ಹಳೇ ಸ್ಕೂಲಿಗೆ ಕೆಲಸ ಕೇಳಕ್ಕೆ ಓಗಿದ್ದೆ. ಪ್ರಿನ್ಸಿಪಾಲ್ ಮೇಡಂ ಕಾಪಿ ಕೊಟ್ರು. ಕೆಲಸ ಇಲ್ಲಮ್ಮ, ಆನ್ಯುವಲ್ ಡೇಗೆ ಆ ಟಗರಿನ ರೈಟರ್ ನಿಮ್ಮೂರೋರಂತೆ, ಕರ್ಕಂಬತ್ತೀಯಾ ಅಂದ್ರು.

ಅಮ್ಮ ಆ ವೀಡಿಯೋ ನೋಡುದ್ಲಾ?

ಭುವನಾ


ಬಂಡಹಟ್ಟಿ
17-6-2024

ಬುವನಾ,

ಇಷ್ಟು ದಿನ ಎಲೆಕ್ಷನ್ನು ಅಂತ ಮೀಟಿಂಗೆಲ್ಲ ನಿಂತಿತ್ತು, ಅದ್ಕೇ ಬರೀಲಿಲ್ಲ ಅಂತ ಏಳಾನ ಅನ್ಕಂಡೆ. ಕಾಗ್ದಕ್ಕೂ ಎಲೆಕ್ಷನ್‌ಗೂ ಏನು ಸಂಬಂಧ ಅಂತ ನೀನು ಕೇಳ್ತೀಯ. ಇಲ್ಲ. ಬರ್ಯಕ್ಕೆ ಕುಂತ್ರೆ ಕೈ ಓಡ್ತಿರ್ಲಿಲ್ಲ.

ನಿಮ್ಮವ್ವ ನೋಡುದ್ಲು. ಬಾಲಾಜಿ ತೋರುಸ್ದ, ಪೆದ್ದ. ಕೊನೆಗಂಟ ನೋಡಿ "ಅದು ಗುದ್ತಿರ್ಲಿಲ್ಲ ಸಿದ್ದಪ್ಪ, ಸುಮ್ಕೆ ನಿಂತಿತ್ತು" ಅಂದ್ಲು. ಅವತ್ತಿಂದ ನನ್ನ ಮುದ್ದೆ ತಟ್ಟೆನ ನನ್ನ ಮುಂದೆ ಇಕ್ಕಲ್ಲ, ಜಗುಲಿ ಮೇಲಿಕ್ಕಿ ಒಳಗೋಗ್ತಾಳೆ.

ಈಗ ಒಂದು ಮಾತು ಕೇಳು. ಮುಂದಿನ ತಿಂಗಳು ಪೆನ್ನಾಗರಂನಲ್ಲಿ ಒಂದು ಸಂಘದೋರು ದೊಡ್ಡ ಮೀಟಿಂಗ್ ಇಕ್ಕವ್ರೆ. ಅಣ್ಣಾಮಲೈನೇ ನಡುಸ್ತಾನೆ. ನೀನು ಬಾ. ಟಗರು ಸಾಲಲ್ಲಿ ನಿಲ್ಲೋಗಂಟ ನಾನು ಏಳ್ತೀನಿ. ಅಲ್ಲಿಂದ ಮೈಕ್ ನಿನ್ನ ಕೈಗೆ. ಕಣ್ಣು ಮುಚ್ಕಂಡು ಮಾತಾಡು, ಕನ್ನಡ ಬಂದ್ರೆ ಬರ್ಲಿ. ಇದು ಸೇಲಂ ಅಲ್ಲ, ನಮ್ಮೂರು. ಸಭೇಲಿ ಅರ್ಧ ಜನಕ್ಕೆ ಅದೇ ಮನೆ ಮಾತು. ನೀನು ಕರ್ನಾಟಕದೋಳು ಅಂತ ಅಲ್ಲಿ ಯಾರೂ ಅನ್ನಂಗಿಲ್ಲ.

ತಮಾಷೆ ಅಲ್ಲ ಕಣವ್ವ. ಈ ಕಾಗ್ದದಲ್ಲಿ ಒಂದೂ ಸುಳ್ಳಿಲ್ಲ, ಬೇಕಾದ್ರೆ ಇನ್ನೊಂದ್ಸಲ ಓದ್ನೋಡು.

ಸಿದ್ದಪ್ಪ


ಸೇಲಂ
29-6-2024

ಚಿಕ್ಕಪ್ಪ,

ಬತ್ತೀನಿ. ರೂಮಲ್ಲಿ ಗೋಡೆ ಮುಂದೆ ನಿಂತ್ಕಂಡು ಏಳ್ನೋಡ್ದೆ. ಮೊದಲು ತಮಿಳಲ್ಲಿ, ಆಮೇಲೆ ಕನ್ನಡದಲ್ಲಿ. ಕನ್ನಡದಲ್ಲಿ ಎಲ್ಲೂ ನಿಲ್ಲದೆ ಕೊನೆಗಂಟ ಏಳ್ದೆ. ಈ ಧೈರ್ಯ ಬರೋ ತಿಂಗಳಿಗೂ ಇರ್ತದಾ ಗೊತ್ತಿಲ್ಲ.

ಇದೂ ಆಗ್ಲಿಲ್ಲ ಅಂದ್ರೆ ನಾನು ಬರ್ಯೋದು ನಿಲ್ಲುಸ್ತೀನಿ. ಬೆದರ್ಸಕ್ಕೆ ಏಳ್ತಿಲ್ಲ. ಇನ್ನು ತಾಳಕ್ಕಾಗಲ್ಲ ಅಷ್ಟೆ.

ಅಮ್ಮಂಗೂ ಮುಂದಿನ ಸಾಲಲ್ಲಿ ಜಾಗ ಇಡ್ಸು.

ಭುವನಾ


ಸೇಲಂ
22-7-2024

ಚಿಕ್ಕಪ್ಪ,

ಬಂದಿದ್ದೆ.

ಬಸ್ಸು ಇಳುದ್ರೆ ಎದುರಿಗೇ ಫ್ಲೆಕ್ಸು. ನಿನ್ನ ಮಖ, ಎಗಲ ಮೇಲೆ ಕಂಬಳಿ, ಪಕ್ಕದಲ್ಲಿ ನನ್ನ ಬುಕ್ಕಿನ ಅಟ್ಟೆ. ಅಟ್ಟೆ ಮೇಲೆ ನನ್ನ ಹೆಸ್ರು ಇರೋ ಜಾಗದಲ್ಲಿ ಶಾಮಿಯಾನದೋನ ಪೋನ್ ನಂಬರು. ಕೆಳಗೆ ದೊಡ್ಡದಾಗಿ ಎಳುತ್ತಾಳರ್ ಸಿದ್ದಪ್ಪ. ಬಿಸಿಲಲ್ಲಿ ನಿಂತ್ಕಂಡು ಮೂಲೆ ಮೂಲೆ ಓದ್ದೆ. ಚಪ್ಪಾಳೆ ತಟ್ಟೋಕೆ ಕರ್‍ದಿರೋರ ಹೆಸ್ರು ಕೂಡ ಇತ್ತು.

ಟೀ ಅಂಗಡಿಯೋನು ಕೇಳ್ದ. "ಯಾರುನ್ನ ನೋಡ್ತಿದೀಯವ್ವ? ಅವ್ರಾ? ನಮ್ಮೋರೇ. ಬುಕ್ಕೆಲ್ಲ ಬರ್ದವ್ರೆ. ಇದ್ದು ಕೇಳ್ಕಂಡೋಗು, ನಕ್ಕು ನಕ್ಕು ಒಟ್ಟೆ ಉಣ್ಣಾಗ್ತದೆ." ಕನ್ನಡದಲ್ಲೇ ಅಂದ. ಟೀ ಚೆನ್ನಾಗಿತ್ತು. ಅದೇ ಬಸ್ಸು ತಿರುಗಿಸ್ಕಂಡು ನಿಂತಿತ್ತು, ಅತ್ತಿ ಕುಂತ್ಕಂಡೆ.

ಮಂಚದ ಕೆಳಗಿದ್ದಿದ್ದನ್ನೆಲ್ಲ ಹಳೇ ಪೇಪರ್ ಅಂಗಡಿಗೆ ಆಕ್ದೆ. ತೂಕಕ್ಕೆ ಇಡೋವಾಗ ಅವನು ಒಂದು ತೆಗ್ದು ನೋಡಿ, ಇದು ಟಗರಿನ ಬುಕ್ಕಾ ಅಂದ. ಸೀರೆ ಅಂಗಡೀಲಿ ಬಿಲ್ಲು ಆಕೋ ಕೆಲಸ ಸಿಕ್ಕೈತೆ. ಅಲ್ಲಿ ಮಾತು ಬೇಕಾಗಿಲ್ಲ.

ಇನ್ಮೇಲೆ ಕಾಸು ಕಳುಸ್ಬೇಡ.

ಭುವನಾ


ಬಂಡಹಟ್ಟಿ
11-8-2024

ಬುವನಾ,

ಈ ಕಾಗ್ದ ನೀನು ಒಡೀತೀಯೋ ಇಲ್ವೋ ಗೊತ್ತಿಲ್ಲ. ಒಡೀಲಿ ಅಂತ ಯಾರುನ್ನೂ ಸಾಯ್ಸಿಲ್ಲ ಈ ಸಲ.

ನೀನು ಬಂದು ಓಗಿದ್ದು ಮೀಟಿಂಗಿಗೆ ಮುಂಚೇನೇ ಗೊತ್ತಾಯ್ತು. ಟೀ ಅಂಗಡಿ ತಾವ ಬಾಲಾಜಿ ನಿನ್ನ ಬೆನ್ನು ನೋಡಿದ್ನಂತೆ, ಓಡೋಗೋಷ್ಟೊತ್ಗೆ ಬಸ್ಸು ಒಂಟೋಗಿತ್ತು. ಫ್ಲೆಕ್ಸು ಸಂಘದೋರು ಆಕ್ಸಿದ್ದು. ಆದ್ರೆ ಅದ್ರ ಮುಂದೆ ನಾನು ದಿನಾ ಓಡಾಡ್ದೆ. ಮಗೀನ ಹೆಸ್ರೆಲ್ಲಪ್ಪಾ ಅಂತ ಒಂದು ಮಾತು ಕೇಳಿದ್ರೆ ಬದಲಾಯಿಸ್ತಿದ್ರು. ಅದ್ರಲ್ಲಿ ನನ್ನ ಮೀಸೆ ಚಂದಾಗಿ ಬಂದಿತ್ತು. ಕೇಳ್ಲಿಲ್ಲ.

ನಿಮ್ಮವ್ವಂಗೆ ನಾವು ಅದನ್ನ ಏಳಿರ್ಲಿಲ್ಲ. ಮುಂದಿನ ಸಾಲಲ್ಲಿ ಕುಂತಿದ್ಲು, ಪಕ್ಕದ ಕುರ್ಚಿಲಿ ನಿಂಗೆ ಅಂತ ಚೀಲ ಇಟ್ಕಂಡು. ಯಾರೋ ಕುಂತ್ಕಳಕ್ಕೆ ಬಂದ್ರೆ ಕೈ ಅಡ್ಡ ಇಕ್ತಿದ್ಲು.

ಮೈಕ್ ಇಡ್ಕಂಡು ಮೊದಲ್ನೇ ಮಾತೇ ಅಂದೆ. ಈ ಬುಕ್ಕು ನಾನು ಬರ್ದಿಲ್ಲ, ನನ್ನ ಅಣ್ಣನ ಮಗ್ಳು ಬುವನಾ ಬರ್ದವ್ಳೆ, ಬಂದೋಳು ನಿಮ್ಮ ಫ್ಲೆಕ್ಸು ನೋಡಿ ವಾಪಸ್ಸು ಓದ್ಲು. ನಕ್ರು. ಸತ್ಯವಾಗ್ಲೂ ಅಂದೆ. ಇನ್ನೂ ಜೋರಾಗಿ ನಕ್ರು. ನಿಜ ಗೊತ್ತಿರೋ ಅಣ್ಣಾಮಲೈನೇ ಪಕ್ಕದೋನ ತಾವ "ಪೆರಿಯವರು ಶುರು ಅಚ್ಕಂಡ್ರು ನೋಡು" ಅಂತ ನನ್ನ ತೋರ್ಸಿ ತೊಡೆ ತಟ್ಕಂಡ. ನಾನು ಮಖ ಗಂಟಾಕ್ಕಂಡಷ್ಟೂ ಅವ್ರಿಗೆ ನಗು.

ಟಗರಿನ ಕತೆ ತೆಗ್ದೆ. ಗುದ್ಸಲಿಲ್ಲ. ಸುಮ್ಕೆ ನಿಲ್ಲುಸ್ದೆ. ನಿಲ್ಲುಸಿ, ಮೇಡೆ ಇಳೀದಂಗೆ ಕತೆನ ಮುಂದಕ್ಕೆ ತಗಂಡೋದೆ. ಗಂಜಿ ಲೋಟ ಇಡ್ಕಂಡು ನಿಮ್ಮವ್ವ ಬಾಗ್ಲು ದಾಟೋ ತಾವ ತಮಿಳು ನಿಂತೋಯ್ತು. ಕನ್ನಡದಲ್ಲೇ ಏಳ್ದೆ. ನಿಮ್ಮಪ್ಪನ ಬಾಯಿ ತೆರ್‍ದಿತ್ತು ಅಂತ ಏಳ್ದೆ. ಒತ್ಕಂಡೋಗೋವಾಗ ಟಗರು ನಮ್ಮನ್ನ ನೋಡ್ತು, ಅದರ ಗೂಟ ನಾನು ಕೀಳ್ಲಿಲ್ಲ, ತಿಥಿಗೆ ಅದನ್ನೇ ಕೊಯ್ಸ್ದೆ ಅಂತಾನೂ ಏಳ್ದೆ. ಏಳ್ತಾ ಏಳ್ತಾ ಮೈಕ್ ಮುಂದೆ ಅತ್ಬುಟ್ಟೆ. ಮುದುಕ ನಾನು, ಗೊಳೋ ಅಂತ ಅತ್ತೆ.

ಜನ ಎದ್ದು ನಿಂತು ಚಪ್ಪಾಳೆ ಒಡುದ್ರು. "ಎನ್ನ ನಡಿಪ್ಪು" ಅಂದ ಅಣ್ಣಾಮಲೈ, ಏನ್ ನಾಟಕ ಆಡ್ತಾನಪ್ಪಾ ಈ ಮುದುಕ ಅಂತ. ನಿಮ್ಮವ್ವ ಚೀಲ ಎತ್ಕಂಡು ಎದ್ದೋದ್ಲು. ನಂಗಿಂತ ಮುಂಚೆ ಮನೆ ಸೇರುದ್ಲು.

ಶಾಲು ಒದ್ಸಿ ಕವರು ನೀಡುದ್ರು. ಇಲ್ಲಿಂದ ಮುಂದೆ ಈ ಕಾಗ್ದನ ಬ್ಯಾರೆ ಬ್ಯಾರೆ ತರ ಬರ್ದು ಅರ್ದಾಕಿದ್ದೀನಿ. ಕವರು ಮೇಡೆ ಮೇಲೇ ಎಸ್ದು ಬಂದೆ ಅಂತ ಬರ್ದೆ. ನಿಂಗೆ ಕಳ್ಸಕ್ಕೆ ಅಂತ ಇಸ್ಕಂಡೆ ಅಂತ ಬರ್ದೆ. ನಿಮ್ಮವ್ವನ ಕೈಲಿ ಕೊಟ್ಟೆ, ಅವ್ಳು ಒಲೆಗಾಕುದ್ಲು ಅಂತಾನೂ ಬರ್ದೆ, ಅದು ಓದಕ್ಕೆ ಚೆನ್ನಾಗಿತ್ತು. ಎಲ್ಲಾ ಸುಳ್ಳು.

ನಮ್ಮಣ್ಣನ ಸಾವು ಏಳಿ ಮುಗ್ಸಿ, ಶಾಲಲ್ಲಿ ಮೂಗು ಒರುಸ್ಕಂಡು, ಎರಡೂ ಕೈ ನೀಡಿ ಆ ಕವರು ಇಸ್ಕಂಡೆ. ಅಲ್ಲೇ ನಿಂತ್ಕಂಡು ಯಾವ ನೋಟು ಅಂತ ಬೆರಳಲ್ಲಿ ಒತ್ತಿ ನೋಡ್ದೆ. ಅದೊಂದು ನಿಜವಾಗ್ಲೂ ಮಾಡ್ದೆ.

ಸಿದ್ದಪ್ಪ